ನೀವು ನಿಜವಾಗಿ ಎಷ್ಟು ಟ್ಯಾಕ್ಸ್ ಕಟ್ತೀರಿ?

ಹುಬ್ಬಳ್ಳಿಯಲ್ಲಿ ನಾಲ್ಕು ಜನ ಸಂಬಳದಾರರು ಚಹಾಕ್ಕೆ ಸೇರಿದರೆ ಈ ಮಾತು ಬಂದೇ ಬರುತ್ತೆ: "ಮೂವತ್ತು ಪರ್ಸೆಂಟ್ ಸರ್ಕಾರಕ್ಕ ಹೊಕ್ಕೈತ್ರಿ." ಹೀಗೆ ಅನ್ನುವ ಎಷ್ಟೋ ಜನ ಅದರ ಅರ್ಧವನ್ನೂ ಕಟ್ಟಿರುವುದಿಲ್ಲ.

ಗೋಕುಲ ರಸ್ತೆಯ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿರುವ ಗೆಳೆಯನೂ ಹೀಗೇ ಅಂದ. ವರ್ಷಕ್ಕೆ 15 ಲಕ್ಷ ಸಂಬಳ. "ಸ್ಲಿಪ್ ತೋರಿಸಪ್ಪಾ" ಅಂದೆ. ತಿಂಗಳ ಕಡಿತ 26,325 ರೂಪಾಯಿ. ಅದನ್ನಷ್ಟೂ ಅವನು ಟ್ಯಾಕ್ಸ್ ಅಂತಲೇ ಹಿಡಿದಿದ್ದ. ಬಿಡಿಸಿ ನೋಡಿದರೆ 12,000 ಸೊಸೈಟಿ ಸಾಲದ ಕಂತು. 6,000 ಪಿಎಫ್, ಅದು ಅವನದೇ ದುಡ್ಡು. 200 ವೃತ್ತಿ ತೆರಿಗೆ. ಆದಾಯ ತೆರಿಗೆ ಅಂತ ಇದ್ದದ್ದು 8,125.

2025-26ರ ಹೊಸ ಪದ್ಧತಿಯ ಲೆಕ್ಕ ಹಾಕೋಣ. 15 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ತೆರಿಗೆಯಿಂದ ಬಿಡುವ ಮೊತ್ತ) ಹೋಯಿತು. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5, ಆಮೇಲಿನ 4 ಲಕ್ಷಕ್ಕೆ ಶೇ. 10, ಉಳಿದ 2.25 ಲಕ್ಷಕ್ಕೆ ಮಾತ್ರ ಶೇ. 15. ತೆರಿಗೆಯ ಮೇಲೆ ಬೀಳುವ ಶೇ. 4 ಸೆಸ್ ಸೇರಿ ವರ್ಷಕ್ಕೆ 97,500. ಅಂದರೆ ಸಂಬಳದ ಶೇ. 6.5! ಶೇ. 30ರ ಸ್ಲ್ಯಾಬ್, ಅಂದರೆ ಆ ದರದ ಹಂತ, ಶುರುವಾಗುವುದೇ 24 ಲಕ್ಷದ ಮೇಲೆ, ಅದೂ ಮೇಲಿನ ಭಾಗಕ್ಕಷ್ಟೇ.

"ಇನ್‌ಕ್ರಿಮೆಂಟ್ ಬ್ಯಾಡ್ರಿ, ಸ್ಲ್ಯಾಬ್ ದಾಟತೈತಿ" ಅನ್ನುವವರೂ ಇದ್ದಾರೆ. ತೆರಿಗೆ ಬೀಳುವ ಆದಾಯ 16 ಲಕ್ಷದಿಂದ 10,000 ಹೆಚ್ಚಾದರೆ, ಆ 10,000ಕ್ಕೆ ಮಾತ್ರ ಶೇ. 20. ಹಳೆಯದಕ್ಕೆಲ್ಲ ಹಳೆಯ ದರವೇ. ಹೌದು, ತೆರಿಗೆ ಬೀಳುವ ಆದಾಯ 12 ಲಕ್ಷದವರೆಗಿದ್ದರೆ ರಿಯಾಯಿತಿಯಿಂದ ತೆರಿಗೆಯೇ ಇಲ್ಲ; ಅದನ್ನು ದಾಟಿದ ಕೂಡಲೇ ಒಂದು ಸಣ್ಣ ಅಂತರದವರೆಗೆ ಹೆಚ್ಚಿದ ದುಡ್ಡೆಲ್ಲ ತೆರಿಗೆಗೇ ಹೋಗುತ್ತೆ. ಆದರೆ ಆ ಭಯವನ್ನು ಎಲ್ಲ ಸ್ಲ್ಯಾಬಿಗೂ ಹಚ್ಚೋದು ತಪ್ಪು.

ನನಗೆ ನಿಜವಾಗಿ ಬೇಸರವಾಗುವುದು ಮುಂದಿನ ಮಾತಿಗೆ: "ನಾವು ಕಟ್ಟತೀವಿ, ಉಳಿದವರು ಪುಕ್ಕಟೆ ತಿಂತಾರ." ದುರ್ಗದ ಬೈಲಿನಲ್ಲಿ ಗಾಡಿ ಹಚ್ಚಿ ದುಡಿಯುವವರು ಸೋಪು ಕೊಂಡರೂ, ಮೊಬೈಲಿಗೆ ರೀಚಾರ್ಜ್ ಹಾಕಿಸಿದರೂ ಜಿಎಸ್‌ಟಿ ಕಟ್ಟುತ್ತಾರೆ. ಬೈಕಿಗೆ ಪೆಟ್ರೋಲ್ ಹಾಕಿಸಿದರೆ ಕೇಂದ್ರ, ರಾಜ್ಯ ಎರಡರ ತೆರಿಗೆಯೂ ಬೆಲೆಯಲ್ಲೇ ಇರುತ್ತೆ. ಅವರಿಗೆ ಅದನ್ನು ತೋರಿಸುವ ಸ್ಲಿಪ್ ಇಲ್ಲ, ಅಷ್ಟೇ.

ತೆರಿಗೆ ಜಾಸ್ತಿ ಅನ್ನಿಸಿದರೆ ಕೇಳಿ, ಜಗಳವನ್ನೂ ಮಾಡಿ. ರಸ್ತೆ, ನೀರು ಸರಿ ಇಲ್ಲ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಮೊದಲು ವರ್ಷದ ಸಂಬಳ, ತೆರಿಗೆ ತೋರಿಸಿ ಕಂಪನಿ ಕೊಡುವ ನಿಮ್ಮ ಫಾರ್ಮ್ 16 ತೆಗೆಯಿರಿ. ವರ್ಷದ ಒಟ್ಟು ತೆರಿಗೆಯನ್ನು ಒಟ್ಟು ಸಂಬಳದಿಂದ ಭಾಗಿಸಿ, ನೂರರಿಂದ ಗುಣಿಸಿ. ಎಷ್ಟು ಬಂತು ಅಂತ ಕೆಳಗೆ ಬರೆಯಿರಿ, ಸಂಬಳ ಹೇಳೋದು ಬೇಡ.