ಎಸ್ಸೆಸ್ಸೆಲ್ಸಿ ಹೊಸ್ತಿಲು ಯಾಕಿಷ್ಟು ಎತ್ತರ?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕರ್ನಾಟಕದಲ್ಲಿ ಪಾಸಾದವರು ಶೇ 66.14. ಅದೇ ವರ್ಷ ನಾನಿರುವ ತಮಿಳುನಾಡಿನಲ್ಲಿ ಶೇ 93.80. ಚೆನ್ನೈನ ಕನ್ನಡಿಗರ ನಡುವೆ ಈ ಮಾತು ಬಂದರೆ, 'ಇಲ್ಲಿ ಮಾರ್ಕ್ಸ್ ಧಾರಾಳ ಬಿಡ್ರೀ' ಅಂತ ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಇರಬಹುದು. ಆದರೆ ಬಿಗಿ ಮಾಡಿ ನಾವು ಕಡಿದು ಗುಡ್ಡೆ ಹಾಕಿದ್ದೇನು? ಮೂವರಲ್ಲಿ ಒಬ್ಬರಿಗೆ ಹದಿನಾರು ತುಂಬುವ ಹೊತ್ತಿಗೇ ಫೇಲು ಎಂಬ ಸರ್ಕಾರಿ ಮುದ್ರೆ.

ಮಕ್ಕಳು ಶಾಲೆ ಬಿಡುವುದು ಯಾಕೆಂದು ಕೇಳಿದರೆ ಬಡತನ, ಗುಳೆ, ಬಾಲ್ಯವಿವಾಹ ಎಂದು ಪಟ್ಟಿ ಒಪ್ಪಿಸುತ್ತೇವೆ. ಯಾವುದೂ ಸುಳ್ಳಲ್ಲ. ಆದರೆ ಹತ್ತಿ ಬಿಡಿಸಲು ಹೋದ ಮಗುವನ್ನು ಮೇಷ್ಟ್ರು ಮನೆಗೆ ಹೋಗಿ ಕರೆದರೆ ವಾಪಸ್ ಬರಬಹುದು. ಫೇಲಾದ ಹುಡುಗ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇರುವುದು 6ರಿಂದ 14 ವರ್ಷದವರಿಗೆ. ಅಲ್ಲಿಂದಾಚೆ ಅವನು ಯಾರ ಲೆಕ್ಕಕ್ಕೂ ಇಲ್ಲ.

ಯಾದಗಿರಿ ಕಡೆಯ ನಮ್ಮೂರಿನ ಒಬ್ಬ ಹುಡುಗ ಐದು ಪೇಪರ್ ಪಾಸು ಮಾಡಿ ಹಿಂದಿಯಲ್ಲಿ ಹೋದ. ಗಣಿತ ದಾಟಿದವನು ಹಿಂದಿಯಲ್ಲಿ! 2024ರಿಂದ ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯಬಹುದು, ನಿಜಕ್ಕೂ ಒಳ್ಳೆಯ ಕೆಲಸ ಅದು. ಆದರೆ ಎರಡನೇ ಪರೀಕ್ಷೆ ಬರುವಷ್ಟರಲ್ಲಿ ಮೇಸ್ತ್ರಿ ಅವನನ್ನು ಬೆಂಗಳೂರಿಗೆ ಕರಕೊಂಡು ಹೋಗಿಯಾಗಿತ್ತು, ಸೆಂಟ್ರಿಂಗ್ ಕೆಲಸಕ್ಕೆ. ವಾರದ ಬಟವಾಡೆ ಒಮ್ಮೆ ಕೈಗೆ ಬಂದ ಮೇಲೆ ಹಿಂದಿ ಪುಸ್ತಕ ಯಾರು ಹಿಡಿಯುತ್ತಾರೆ?

ತಮಿಳುನಾಡು 1968ರಿಂದಲೂ ತಮಿಳು, ಇಂಗ್ಲಿಷ್ ಎರಡೇ ಸಾಕೆನ್ನುವ ದ್ವಿಭಾಷಾ ಸೂತ್ರಕ್ಕೆ ಅಂಟಿಕೊಂಡಿದೆ. ಹಾಗಾಗಿ ಇಲ್ಲಿನ ಹತ್ತನೇ ತರಗತಿಗೆ ಐದೇ ಪೇಪರ್, 500 ಅಂಕ. ನಮ್ಮಲ್ಲಿ 2025ರ ಪರೀಕ್ಷೆಗೆ ಆರು ಪೇಪರ್, 625. ಇಲ್ಲಿಯವರ ಭಾಷಾ ರಾಜಕೀಯದ ಆರ್ಭಟ ನನಗೆ ಎಷ್ಟೋ ಸಲ ಅತಿಯೆನಿಸಿದೆ. ಆದರೂ ಬಡವರ ಮಗುವಿನ ತಲೆಯಿಂದ ಅದು ಒಂದು ಹೊರೆ ಇಳಿಸಿದೆ ಎನ್ನುವುದನ್ನು ಒಪ್ಪಲೇಬೇಕು.

ಹೊಸ್ತಿಲ ಆಚೆ ಏನಿದೆ ಅನ್ನುವುದೂ ಅಷ್ಟೇ ಮುಖ್ಯ. ಇಲ್ಲಿ ಮೊದಲು ಬಡ ಹೆಣ್ಣುಮಕ್ಕಳ ಮದುವೆಗೆ ಸರ್ಕಾರ ತಾಳಿಯ ಚಿನ್ನ ಮತ್ತು ಹಣ ಕೊಡುತ್ತಿತ್ತು. 2022ರಲ್ಲಿ ಅದೇ ಯೋಜನೆಯನ್ನು 'ಪುದುಮೈ ಪೆಣ್' ಎಂದು ಬದಲಿಸಿದರು. ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯ ಖಾತೆಗೆ ತಿಂಗಳಿಗೆ 1,000 ರೂಪಾಯಿ. ಎರಡು ವರ್ಷದ ನಂತರ ಹುಡುಗರಿಗೂ ಕೊಟ್ಟರು. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು ಬಿ.ಕಾಂ. ಓದುತ್ತಿದ್ದಾಳೆ. ದುಡ್ಡು ಬಿದ್ದ ದಿನ ಆ ತಾಯಿ ಮೊಬೈಲಿನ ಮೆಸೇಜನ್ನು ನನ್ನ ಹೆಂಡತಿಗೆ ತೋರಿಸಿ, ಬಸ್ಸಿಗಿಷ್ಟು, ಜೆರಾಕ್ಸಿಗಿಷ್ಟು ಅಂತ ಬೆರಳು ಮಡಚುತ್ತಾಳೆ. ಗಂಡನಿಗೆ ಮಾತ್ರ ಹೇಳುವುದಿಲ್ಲವಂತೆ.

ಬಡವರ ಮನೆಯ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ದುಡ್ಡು ಇಟ್ಟ ನಮ್ಮ ಭಾಗ್ಯಲಕ್ಷ್ಮಿ ಬಾಂಡ್ ನೋಡಿ. ಉದ್ದೇಶ ಒಳ್ಳೆಯದೇ. ಆದರೆ ಅದು ಕೇಳಿದ್ದು ಎಂಟನೇ ತರಗತಿವರೆಗಿನ ಓದು, ಹಣ ಕೈಗೆ ಬರುವುದು ಹದಿನೆಂಟು ತುಂಬಿದಾಗ. ವಯಸ್ಸಿಗೆ ಬಂದ ಮಗಳಿರುವ ಮನೆಗೆ ಒಂದೇ ಕಂತಿನಲ್ಲಿ ಅಷ್ಟು ದುಡ್ಡು ಬಂದರೆ ಅದು ಕಾಲೇಜಿನ ದಾರಿ ಹಿಡಿಯುವುದಕ್ಕಿಂತ ಛತ್ರದ ದಾರಿ ಹಿಡಿಯುವುದೇ ಹೆಚ್ಚು.

ಊಟದ ವಿಷಯದಲ್ಲಿ ನಾವೇನೂ ಹಿಂದಿಲ್ಲ. ಅಕ್ಷರ ದಾಸೋಹ, ಹಾಲು, ಮೊಟ್ಟೆ ಎಲ್ಲ ಇದೆ. ಇವರು ಪ್ರಾಥಮಿಕ ಶಾಲೆಗೆ ಬೆಳಗಿನ ತಿಂಡಿಯನ್ನೂ ಸೇರಿಸಿದ್ದಾರೆ, ಅಷ್ಟೆ. ಎಂಟನೇ ತರಗತಿಯವರ ಸೈಕಲ್ಲನ್ನು ಮಾತ್ರ ಕೋವಿಡ್ ಹೊತ್ತಿನಲ್ಲಿ ನಾವೇ ನಿಲ್ಲಿಸಿದೆವು.

ಹಾಗಂತ ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. 2023ರಲ್ಲಿ ತಿರುನಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ಸಹಪಾಠಿಗಳ ಜಾತಿ ಕಿರುಕುಳ ತಾಳಲಾರದೆ ದಲಿತ ಹುಡುಗನೊಬ್ಬ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದ. ಶಾಲೆಯವರು ವಿಚಾರಿಸಿದ್ದಕ್ಕೆ ಕಾರಣ ಹೇಳಿದ. ಆಮೇಲೆ ಅವನ ಮನೆಗೇ ನುಗ್ಗಿ ಮಚ್ಚಿನಿಂದ ಹೊಡೆದರು. ಅದು ಪಾಸಿನ ಶೇಕಡಾವಾರಿನಲ್ಲಿ ಕಾಣುವುದಿಲ್ಲ. ತಿಂಗಳಿಗೆ ಸಾವಿರ ಕೊಟ್ಟರೂ ಹೋಗುವುದಿಲ್ಲ.

ನನ್ನ ಕೈಯಲ್ಲಿದ್ದರೆ ಮೂರನೇ ಭಾಷೆ ಕಲಿಸಲಿ, ಆದರೆ ಅದರ ಅಂಕಕ್ಕೂ ಪಾಸಿಗೂ ಸಂಬಂಧ ಬೇಡ ಅನ್ನುತ್ತಿದ್ದೆ. ಬಾಂಡ್ ದುಡ್ಡನ್ನು ಕಾಲೇಜಿಗೆ ಹೋಗುವ ಹುಡುಗಿಗೆ ತಿಂಗಳು ತಿಂಗಳು ಹಂಚುತ್ತಿದ್ದೆ. ಇವಕ್ಕೆಲ್ಲ ಸಂಪುಟ, ಬಜೆಟ್ಟು, ವರ್ಷಗಟ್ಟಲೆ ಚರ್ಚೆ ಬೇಕು, ಗೊತ್ತು. ಫಲಿತಾಂಶ ಬಂದ ವಾರದಲ್ಲೇ ಫೇಲಾದವರ ಪಟ್ಟಿ ಹಿಡಿದು, ಮೇಸ್ತ್ರಿಗಿಂತ ಮೊದಲು ಮನೆ ಬಾಗಿಲಿಗೆ ಹೋಗುವುದಕ್ಕೆ ಅದ್ಯಾವುದೂ ಬೇಡ. ಒಂದರ ಮೇಲೊಂದು ಸಮೀಕ್ಷೆ ಅಂತ ಮೇಷ್ಟ್ರುಗಳನ್ನು ಮನೆಮನೆ ಅಲೆಸುವ ಸರ್ಕಾರಕ್ಕೆ ಈ ಕೆಲಸ ಹೊಸದೇನೂ ಅಲ್ಲ.