ಬ್ಯಾಟರಿ ಸಿಗಲ್ಲ ಅಂದ್ರೆ ಹಳೇ ಕ್ಯಾಮೆರಾ ಶೋಪೀಸಾ? ಸತ್ಯಾಂಶ

"ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ತಗೋಬೇಡಿ, ಅದರ ಮರ್ಕ್ಯುರಿ ಬ್ಯಾಟರಿ ಬ್ಯಾನ್ ಆಗಿದೆ, ಇನ್ನೇನಿದ್ರೂ ಶೋಕೇಸಲ್ಲಿ ಇಡೋಕೇ ಸರಿ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. (ರೇಂಜ್‌ಫೈಂಡರ್ ಅಂದ್ರೆ ನೋಡೋ ಕಿಂಡಿಯಲ್ಲಿ ಕಾಣೋ ಎರಡು ಬಿಂಬಾನ ಒಂದು ಮಾಡಿ ಫೋಕಸ್ ಮಾಡೋ ಕ್ಯಾಮೆರಾ.) ಅರ್ಧ ನಿಜ ಅಷ್ಟೇ. 1.35 ವೋಲ್ಟಿನ ಆ ಸೆಲ್ಲು ಈಗ ಬರಲ್ಲ, ಒಪ್ಕೊಳ್ಳೋಣ, ಆದ್ರೆ ಸುಮಾರು ಕ್ಯಾಮೆರಾಗಳಲ್ಲಿ ಅದು ಬೇಕಾಗಿದ್ದು ಬೆಳಕು ಅಳೆಯೋ ಲೈಟ್ ಮೀಟರಿಗೆ ಮಾತ್ರ, ಫಿಲ್ಮಿಗೆ ಬೆಳಕು ಬಿಡೋ ಶಟರ್ ಓಡೋದು ಸ್ಪ್ರಿಂಗ್ ಮೇಲೆ. 1954ರಲ್ಲಿ ಬಂದ ಲೈಕಾ ಎಂ3ಗಂತೂ ಬ್ಯಾಟರಿ ಹಾಕೋ ಜಾಗಾನೇ ಇಲ್ಲ! ಯಾಶಿಕಾ ಎಲೆಕ್ಟ್ರೋ 35 ಮಾತ್ರ ಬೇರೆ ಜಾತಿ, ಬ್ಯಾಟರಿ ಇಲ್ಲಾಂದ್ರೆ ಅದಕ್ಕೆ 1/500 ಸೆಕೆಂಡಿನ ಒಂದೇ ಶಟರ್ ಸ್ಪೀಡು.

ಮೀಟರ್ ಬೇಕೇ ಬೇಕು ಅನ್ನೋರಿಗೆ ಕಿವಿ ಮಷಿನ್ನಿಗೆ ಹಾಕೋ 675 ಜಿಂಕ್ ಏರ್ ಸೆಲ್ಲು ಇದೆ, 1.4 ವೋಲ್ಟು, ಸುತ್ತ ಒಂದು ರಿಂಗ್ ಕೊಟ್ರೆ ಕೂರುತ್ತೆ. 1.5 ವೋಲ್ಟಿನ ಆಲ್ಕಲೈನ್ ಹಾಕಿದ್ರೆ ಕೆಲವು ಮೀಟರು ಬೆಳಕು ಜಾಸ್ತಿ ಇದೆ ಅಂದ್ಕೊಂಡು ಫೋಟೋ ಕಪ್ಪು ಮಾಡಿಬಿಡುತ್ತೆ. ಅದ್ಯಾವ್ದೂ ಬೇಡ ಅಂದ್ರೆ ಒಳ್ಳೇ ಬಿಸಿಲಲ್ಲಿ 100 ಐಎಸ್‌ಓ ಫಿಲ್ಮಿಗೆ ಲೆನ್ಸಿನ ಕಿಂಡಿ (ಅಪರ್ಚರ್) ಎಫ್/16, ಶಟರ್ ಸ್ಪೀಡು 1/125 ಸೆಕೆಂಡು ಇಟ್ಟು ಹೊಡೀರಿ.

ತಗೊಳ್ವಾಗ ನೋಡ್ಬೇಕಿರೋದು ಬೇರೇನೇ. ತೀರಾ ನಿಧಾನದ ಸ್ಪೀಡಲ್ಲಿ ಶಟರ್ ಅಂಟ್ಕೊಳ್ಳುತ್ತಾ, ಫೋಕಸ್ ಇನ್ಫಿನಿಟಿಗೆ (ತೀರಾ ದೂರಕ್ಕೆ) ತಿರುಗಿಸಿದಾಗ ದೂರದ ಕರೆಂಟ್ ಕಂಬ ನೋಡೋ ಕಿಂಡಿಯ ಮಧ್ಯದ ಹಳದಿ ಚೌಕದೊಳಗೆ ಒಂದೇ ಕಾಣುತ್ತಾ, ಎರಡೆರಡು ಕಾಣುತ್ತಾ ಅಂತ.