ಎಡಕ್ಕಿದ್ದ ಬಚ್ಚಲುಮನೆ

ಮೇ ತಿಂಗಳ ಒಂದು ಮಧ್ಯಾಹ್ನ ನಾನೂ ನಮ್ಮವರೂ ಖಾಲಿ ಫ್ಲ್ಯಾಟಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮಂಚ ಬರೆಯುತ್ತಾ ಕೂತಿದ್ದೆವು. ಆರೂವರೆ ಅಡಿ ಉದ್ದ, ಐದಡಿ ಅಗಲ. ಅದರ ಪಕ್ಕ ಬೀರು. ಹಾಲಿನಲ್ಲಿ ಊಟದ ಮೇಜು, ದಿವಾನ, ಟೀವಿ ಸ್ಟ್ಯಾಂಡು. ಬರೆದಾದ ಮೇಲೆ ಆ ಗೆರೆಗಳ ನಡುವೆ ಓಡಾಡಿ ನೋಡಿದೆವು. ದಿವಾನದ ಗೆರೆಗೂ ಮೇಜಿನ ಗೆರೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯಬೇಕಿತ್ತು. ನಮ್ಮವರು ಬಗ್ಗಿ ದಿವಾನವನ್ನು ಕೈಯಿಂದ ಒರೆಸಿಬಿಟ್ಟರು. ಮೂವತ್ತೆಂಟು ವರ್ಷದ ದಿವಾನ ಅಲ್ಲಿಗೆ ಹೋಯಿತು.

ಚಿಕ್ಕ ಮನೆಗೆ ಹೋಗುವವರಿಗೆ ಇದೊಂದನ್ನು ನಾನು ಖಂಡಿತ ಹೇಳುತ್ತೇನೆ. ಸಾಮಾನು ಸಾಗಿಸುವ ಮುಂಚೆ ನೆಲದ ಮೇಲೆ ಬರೆದು ನೋಡಿ. ಕಾಗದದ ಮೇಲಿನ ಲೆಕ್ಕ ಸಾಲದು. ಕಾಲು ನಡೆದು ನೋಡಬೇಕು.

ಕುವೆಂಪುನಗರದ ನಮ್ಮ ಮನೆ ಕಟ್ಟಿದ್ದು 1979ರಲ್ಲಿ, ಮಾವನವರು. ನಲವತ್ತು ಅರವತ್ತರ ಸೈಟು. ಮೈಸೂರಿನಲ್ಲಿ ಹಳಬರು ಈಗಲೂ ಇಂಥದ್ದಕ್ಕೆ 'ಟ್ರಸ್ಟ್ ಬೋರ್ಡ್ ಸೈಟು' ಅನ್ನುತ್ತಾರೆ. ನಗರದ ಸುಧಾರಣೆಗೆ ಅಂತ 1903ರಲ್ಲೇ ಶುರುವಾಗಿದ್ದ ಬೋರ್ಡು ಅದು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅನ್ನುವ ಹೆಸರು ಬಂದದ್ದು ಆಮೇಲೆ. ಹದಿನಾಲ್ಕು ಚದರದ (ಒಂದು ಚದರ ಅಂದರೆ ನೂರು ಚದರಡಿ) ಮನೆ, ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ಎರಡು ತೆಂಗು, ಒಂದು ಸಂಪಿಗೆ, ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಒರಳುಕಲ್ಲು. ನಾನು ಸೊಸೆಯಾಗಿ ಬಂದದ್ದು 1986ರಲ್ಲಿ. ತೌರುಮನೆಗಿಂತ ಹೆಚ್ಚು ವರ್ಷ ಅಲ್ಲೇ ಇದ್ದೆ.

ಯಾಕೆ ಬಿಟ್ಟೆವು ಅಂತ ಎಲ್ಲರೂ ಕೇಳುತ್ತಾರೆ. ಮಗಳು ಪುಣೆಯಲ್ಲಿ, ಮಗ ಹೊರದೇಶದಲ್ಲಿ. ನಮ್ಮವರಿಗೆ ಅರವತ್ತೆಂಟು, ಮಂಡಿ ನೋವು. ಅತ್ತೆಗೆ ಎಂಬತ್ತಾರು. ಹೋದ ವರ್ಷ ಮಳೆಗಾಲದಲ್ಲಿ ತಾರಸಿಯ ನೀರು ಹೋಗುವ ಕೊಳವೆಗೆ ಸಂಪಿಗೆ ಎಲೆ ಕಟ್ಟಿಕೊಂಡು, ನೀರು ನಿಂತು, ಪಡಸಾಲೆಯ ಗೋಡೆಗೆ ಇಳಿಯಿತು. ರಾತ್ರಿ ಹನ್ನೊಂದಕ್ಕೆ ನಮ್ಮವರು ಏಣಿ ಹತ್ತಿದರು. ಕೆಳಗೆ ಟಾರ್ಚ್ ಹಿಡಿದು ನಿಂತಿದ್ದ ನನಗೆ ಅವತ್ತೇ ಸಾಕು ಅನ್ನಿಸಿತು.

ಹೊಸ ಮನೆ ಬೋಗಾದಿ ಕಡೆ, ಮೂರನೇ ಮಹಡಿ, ಎರಡು ಬೆಡ್‌ರೂಮು. ಮಾರುವವರು 1080 ಚದರಡಿ ಅಂದರು. ಒಳಗೆ ಟೇಪು ಹಿಡಿದರೆ ಸಿಕ್ಕಿದ್ದು 760. ಮಿಕ್ಕಿದ್ದು ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲು. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಅಂತಿರುವ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಸ್ಪಷ್ಟವಾಗಿ ಹೇಳುತ್ತದೆ. ಮನೆಯೊಳಗಿನ ಅಡ್ಡಗೋಡೆ ಸೇರುತ್ತದೆ. ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಫ್ಲ್ಯಾಟು ನೋಡಲು ಹೋದಾಗ ಆ ಸಂಖ್ಯೆಯನ್ನೇ ಕೇಳಿ. ನಮಗಂತೂ ಹದಿನಾಲ್ಕು ಚದರದಿಂದ ಏಳೂವರೆ ಚದರಕ್ಕೆ ಇಳಿದ ಲೆಕ್ಕ.

ಆಷಾಢ ಬರುವ ಮುಂಚೆ ಹಾಲು ಉಕ್ಕಿಸಬೇಕು ಅಂತ ಅತ್ತೆ ಹೇಳಿದ್ದರಿಂದ ಕೈಯಲ್ಲಿ ಒಂದೂವರೆ ತಿಂಗಳು ಮಾತ್ರ ಇತ್ತು.

ಆ ಒಂದೂವರೆ ತಿಂಗಳು ಮಕ್ಕಳು ದಿನಾ ವೀಡಿಯೋ ಕಾಲ್ ಮಾಡಿ ಒಂದೇ ಮಾತು ಹೇಳುತ್ತಿದ್ದರು. 'ಅಮ್ಮ, ಒಂದು ವರ್ಷದಿಂದ ಮುಟ್ಟದೇ ಇರೋದನ್ನೆಲ್ಲ ಕೊಟ್ಟುಬಿಡಿ.' ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಈ ನಿಯಮ ನಮ್ಮಂಥ ಮನೆಗಳಿಗೆ ಹೊಂದುವುದಿಲ್ಲ. ನಮ್ಮ ಅಟ್ಟದ ಮೇಲಿನ ಸಾಮಾನೆಲ್ಲ ವರ್ಷಕ್ಕೊಮ್ಮೆ ಇಳಿಯುವಂಥದ್ದೇ. ಗೊಂಬೆ ಇಳಿಯುವುದು ನವರಾತ್ರಿಗೆ. ಮಾವಿನ ಮಿಡಿ ಹಾಕುವ ಭರಣಿ ಬೇಸಿಗೆಗೆ. ಒತ್ತು ಶಾವಿಗೆಯ ಒರಳು ಹಬ್ಬಕ್ಕೆ. ಮಾವನವರ ತಿಥಿಯ ದಿನಕ್ಕೆಂದೇ ಇರುವ ಪಾತ್ರೆಗಳು ಬೇರೆ. ಹನ್ನೊಂದು ತಿಂಗಳು ಕತ್ತಲಲ್ಲಿ ಕೂತಿರುವುದೇ ಅವುಗಳ ಕೆಲಸ. ಮುಟ್ಟಲಿಲ್ಲ ಅಂದ ಮಾತ್ರಕ್ಕೆ ಬೇಡವಾದದ್ದು ಅಂತಲ್ಲ ಅಲ್ವಾ?

ಹಾಗಂತ ಎಲ್ಲ ತರಲೂ ಆಗುವುದಿಲ್ಲ. ಏಳೂವರೆ ಚದರ ಏಳೂವರೆ ಚದರವೇ. ಕೊನೆಗೆ ದಾರಿ ತೋರಿಸಿದ್ದು ಅತ್ತೆ. ಒಂದು ಭಾನುವಾರ ಅಟ್ಟದ ಸಾಮಾನೆಲ್ಲ ಇಳಿಸಿ ಪಡಸಾಲೆಯಲ್ಲಿ ಹರವಿದ್ದೆವು. ಅವರನ್ನು ಕುರ್ಚಿಯಲ್ಲಿ ನಡುವೆ ಕೂರಿಸಿದೆ. ಶಾವಿಗೆ ಒರಳನ್ನು ನೋಡಿ, 'ಇದನ್ನ ಒತ್ತೋಕೆ ಒಬ್ಬರು ಮೇಲೆ ತಿರುಗಿಸಬೇಕು, ಒಬ್ಬರು ಕೆಳಗೆ ಹಿಡೀಬೇಕು. ಇನ್ನು ಯಾರಮ್ಮ ಇದ್ದಾರೆ?' ಅಂದರು. ಬೇಜಾರಿನಿಂದ ಹೇಳಿದ್ದಲ್ಲ. ಲೆಕ್ಕ ಹಾಕಿ ಹೇಳಿದ್ದು. ಎದುರು ಮನೆಯವರಿಗೆ ಕೊಡು, ಅವರ ಮನೆಯಲ್ಲಿ ಇಬ್ಬರು ಸೊಸೆಯರು ಇದ್ದಾರೆ ಅಂದರು. ಗೊಂಬೆ ಪೆಟ್ಟಿಗೆ ಬಂದಾಗ, 'ಇದು ನೀನೊಬ್ಬಳೇ ಕೂರಿಸಬಹುದು' ಅಂದರು.

ಅವತ್ತಿನಿಂದ ನಾನು ಪ್ರತಿಯೊಂದಕ್ಕೂ ಅದನ್ನೇ ಕೇಳಿದೆ. ಈ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ, ಯಾರ ಜೊತೆ ಮಾಡುತ್ತಾರೆ? ಮುನ್ನೂರು ಹಪ್ಪಳದ ಹಿಟ್ಟು ಕಲಸುವ ಪಾತ್ರೆ ಹೋಯಿತು. ಐವತ್ತು ಜನರ ಹುಳಿ ಮಾಡುವ ಕೊಳದಪ್ಪಲೆ ಬೀದಿಯ ಕೊನೆಯ ದೇವಸ್ಥಾನಕ್ಕೆ ಹೋಯಿತು. ಒಂದು ಭರಣಿ ಬಂತು, ಐದು ಹೋದವು. ತಾಮ್ರದ ಹಂಡೆ ಮಾತ್ರ ಪಾತ್ರೆ ಅಂಗಡಿಗೆ ತೂಕಕ್ಕೆ ಹೋಯಿತು. ಅದು ತಕ್ಕಡಿ ಮೇಲೆ ಕೂತಾಗ ನಮ್ಮವರು ಅಂಗಡಿಯಿಂದ ಆಚೆ ಬಂದು ನಿಂತರು.

ಇನ್ನೊಂದು ಮಾತು. ಹಿರಿಯರ ಸಾಮಾನನ್ನು ಅವರು ಇಲ್ಲದಾಗ ವಿಲೇವಾರಿ ಮಾಡಬೇಡಿ. 'ಅತ್ತೆ ನೋಡಿದ್ರೆ ಯಾವುದನ್ನೂ ಬಿಡಲ್ಲ, ನಾಲ್ಕು ದಿನ ನಿಮ್ಮ ನಾದಿನಿ ಮನೆಗೆ ಕಳಿಸಿ' ಅಂತ ನನಗೂ ಸುಮಾರು ಜನ ಹೇಳಿದರು. ನಾನು ಕಳಿಸಲಿಲ್ಲ. ನಮ್ಮೆಲ್ಲರಿಗಿಂತ ಸಲೀಸಾಗಿ ಬಿಟ್ಟುಕೊಟ್ಟವರು ಅವರೇ. ಯಾರಿಗೆ ಹೋಗುತ್ತಿದೆ ಅಂತ ಗೊತ್ತಾದರೆ ಸಾಕಿತ್ತು ಅವರಿಗೆ.

ಕಾಗದಪತ್ರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹಳೇ ಮನೆ ಮಾರುವವರು ಮೊದಲೇ ಒಬ್ಬ ಒಳ್ಳೆಯ ಆಡಿಟರ್ ಹತ್ತಿರ ಕೂತು ಮಾತಾಡಿ. 2001ಕ್ಕಿಂತ ಹಿಂದಿನ ಮನೆಯಾದರೆ ತೆರಿಗೆಯ ಲೆಕ್ಕಕ್ಕೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ಹಿಡಿಯಬಹುದು. ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಲಾಭದ ಮೇಲಿನ ತೆರಿಗೆಯಲ್ಲಿ ವಿನಾಯಿತಿ ಇದೆ. ವೋಟರ್ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಬೇಕು. ಅದನ್ನು ತುಂಬಿದ ದಿನ ನನಗೆ ಒಂಥರಾ ಆಯಿತು. ಸೊಸೆಯಾಗಿ ಬಂದಾಗಿನಿಂದ ವೋಟು ಹಾಕಿದ್ದು ಒಂದೇ ಶಾಲೆಯ ಕೊಠಡಿಯಲ್ಲಿ.

ಜೂನ್ ಮೊದಲ ವಾರ ಬಂದೆವು. ಸಾಮಾನೆಲ್ಲ ರಂಗೋಲಿ ಗೆರೆಯ ಮೇಲೆ ಸರಿಯಾಗಿ ಕೂತವು. ಅತ್ತೆಗೆ ದೊಡ್ಡ ಬೆಡ್‌ರೂಮು ಕೊಟ್ಟೆವು. ಬಚ್ಚಲುಮನೆ ಅದಕ್ಕೇ ಸೇರಿಕೊಂಡಿದೆ, ರಾತ್ರಿ ದೂರ ನಡೆಯುವುದು ಬೇಡ ಅಂತ. ಒಳಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಜಾರದ ಮ್ಯಾಟು, ರಾತ್ರಿಯಿಡೀ ಉರಿಯುವ ಪುಟ್ಟ ದೀಪ. ಎಲ್ಲ ಯೋಚನೆ ಮಾಡಿದ್ದೇವೆ ಅಂದುಕೊಂಡಿದ್ದೆ.

ಮೊದಲನೇ ರಾತ್ರಿ ಎರಡು ಗಂಟೆಗೆ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಎದ್ದು, ಮಂಚದ ಎಡಗಡೆ ನಡೆದು, ಗೋಡೆಗೆ ಕೈಯಿಟ್ಟು ನಿಂತಿದ್ದರು. ಬಾಗಿಲು ಹುಡುಕುತ್ತಿದ್ದರು. ಹಳೇ ಮನೆಯಲ್ಲಿ ಅವರ ಮಂಚದಿಂದ ಎದ್ದರೆ ಬಚ್ಚಲುಮನೆ ಎಡಕ್ಕಿತ್ತು. ಇಲ್ಲಿ ಬಲಕ್ಕಿದೆ. ಎರಡನೇ ರಾತ್ರಿಯೂ ಅದೇ ಗೋಡೆ. ಮೂರನೇ ರಾತ್ರಿ ನಾನು ಎದ್ದೇ ಕೂತಿದ್ದೆ. ದೀಪ ಉರಿಯುತ್ತಿದೆ, ಬಾಗಿಲು ಕಣ್ಣಿಗೆ ಕಾಣುತ್ತಿದೆ, ಆದರೂ ಕಾಲು ಎಡಕ್ಕೇ ಹೋಯಿತು. 'ನಂಗೇನಾಗ್ತಿದೆಯಮ್ಮಾ?' ಅಂತ ನನ್ನ ಕೈ ಹಿಡಿದುಕೊಂಡು ಕೇಳಿದರು. ಮರೆವು ಶುರುವಾಯಿತು ಅಂತ ಹೆದರಿದ್ದರು. ಹಗಲಿನಲ್ಲಿ ಅವರಿಗೆ ಎಲ್ಲವೂ ನೆನಪಿರುತ್ತದೆ. ಹಾಲಿನ ಲೆಕ್ಕದಿಂದ ಹಿಡಿದು ಮೊಮ್ಮಗಳ ನಕ್ಷತ್ರದವರೆಗೆ. ಇದು ಮರೆವಲ್ಲ, ನಲವತ್ತಾರು ವರ್ಷದ ನೆನಪು. ಆ ಮನೆ ಅವರ ಕಾಲಿಗೆ ಗೊತ್ತಿತ್ತು, ಈ ಮನೆ ಇನ್ನೂ ಗೊತ್ತಾಗಿಲ್ಲ.

ಮಂಚ ತಿರುಗಿಸೋಣ ಅಂದರು ನಮ್ಮವರು. ತಿರುಗಿಸಿದರೆ ಬಚ್ಚಲುಮನೆ ಎಡಕ್ಕೇನೋ ಬರುತ್ತದೆ, ಆದರೆ ತಲೆ ಉತ್ತರಕ್ಕಾಗುತ್ತದೆ. ಅತ್ತೆ ಒಪ್ಪುವ ಮಾತೇ ಇಲ್ಲ. ನಾನೂ ಒಪ್ಪಿಸಲು ಹೋಗಲಿಲ್ಲ. ಆಮೇಲೆ ಹೊಳೆದದ್ದು ಚಿಕ್ಕ ರೂಮು. ಹತ್ತು ಅಡಿಗೆ ಹತ್ತು ಅಡಿ. ಬಚ್ಚಲುಮನೆ ಹೊರಗಿದೆ, ಆದರೆ ಬಾಗಿಲು ದಾಟಿದ ತಕ್ಷಣ ಎಡಕ್ಕೆ. ತಲೆ ದಕ್ಷಿಣಕ್ಕೇ ಬರುತ್ತದೆ. ಕಂಬಿ, ಮ್ಯಾಟು, ದೀಪ ಎಲ್ಲ ಅಲ್ಲಿಗೆ ಬಂದವು. ಬೀರು ಹಿಡಿಸಲಿಲ್ಲ, ನಮ್ಮ ರೂಮಿಗೆ ಬಂತು. ಆ ರಾತ್ರಿ ಅತ್ತೆ ಎದ್ದರು, ಎಡಕ್ಕೆ ನಡೆದರು, ಬಾಗಿಲು ಸಿಕ್ಕಿತು. ವಾಪಸ್ ಬಂದು ಮಲಗಿದರು. ನಾನು ಕತ್ತಲಲ್ಲಿ ಹಾಲ್‌ನಲ್ಲಿ ಕೂತು ಅತ್ತುಬಿಟ್ಟೆ.

ಅದಕ್ಕೇ ನಾನು ಹೇಳುವುದು. ಚಿಕ್ಕ ಮನೆ ಹುಡುಕುವಾಗ ನಾವೆಲ್ಲ ಸಾಮಾನಿಗೆ ಜಾಗ ಹುಡುಕುತ್ತೇವೆ. ಅಭ್ಯಾಸಗಳಿಗೂ ಜಾಗ ಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಒಂದು ದಿನವನ್ನು ಬೆಳಗ್ಗೆಯಿಂದ ರಾತ್ರಿವರೆಗೆ ಸುಮ್ನೆ ಕೂತು ನೋಡಿ. ಎದ್ದಾಗ ಯಾವ ಕಡೆ ಕಾಲಿಡುತ್ತಾರೆ, ಎಲ್ಲಿ ಬಿಸಿಲಿಗೆ ಕೂರುತ್ತಾರೆ, ಯಾರ ಜೊತೆ ಮಾತಾಡುತ್ತಾರೆ. ಅದರಲ್ಲಿ ಎಷ್ಟನ್ನು ಹೊಸ ಮನೆಯಲ್ಲಿ ಉಳಿಸಬಹುದು ಅಂತ ಕೇಳಿಕೊಂಡು ಆಮೇಲೆ ಫ್ಲ್ಯಾಟು ಒಪ್ಪಿಕೊಳ್ಳಿ. ಮಾಡ್ಯುಲರ್ ಕಿಚನ್ ಆಮೇಲಾದರೂ ಆಗುತ್ತದೆ.

ಹೊಸ್ತಿಲ ವಿಷಯವೂ ಹಾಗೇ ಆಯಿತು. ಫ್ಲ್ಯಾಟಿನ ಬಾಗಿಲಿಗೆ ಹೊಸ್ತಿಲೇ ಇಲ್ಲ, ಟೈಲ್ಸು ಸೀದಾ ಒಳಗೆ ಬರುತ್ತದೆ. ಅರಿಶಿನ ಕುಂಕುಮ ಎಲ್ಲಿಗೆ ಹಚ್ಚುವುದು? ಹೊಸ್ತಿಲು ಎತ್ತರಿಸಿದರೆ ಅತ್ತೆ ಎಡವುತ್ತಾರೆ, ಡಾಕ್ಟರು ಬೇಡವೇ ಬೇಡ ಅಂದಿದ್ದರು. ಕೊನೆಗೆ ಮರಗೆಲಸದವರು ಬಾಗಿಲ ಕೆಳಗಿನ ಟೈಲ್ಸು ತೆಗೆದು ನಾಲ್ಕು ಅಂಗುಲ ಅಗಲದ ತೇಗದ ಪಟ್ಟಿಯನ್ನು ನೆಲಕ್ಕೆ ಸಮವಾಗಿ ಕೂರಿಸಿಕೊಟ್ಟರು. ಕಾಲಿಗೆ ತಾಗುವುದಿಲ್ಲ, ಕೈಗೆ ಸಿಗುತ್ತದೆ. ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಬೀಳುತ್ತದೆ.

ಹೂವಿನವರದ್ದು ದೊಡ್ಡ ಚಿಂತೆಯಾಗಿತ್ತು. ಇಪ್ಪತ್ತು ವರ್ಷದಿಂದ ಬೆಳಗ್ಗೆ ಗೇಟಿಗೆ ಬಂದು ಮೊಳ ಮಲ್ಲಿಗೆ ಕೊಟ್ಟು ಹತ್ತು ನಿಮಿಷ ಮಾತಾಡಿ ಹೋಗುತ್ತಿದ್ದವರು. ಇಲ್ಲಿ ಮೇಲೆ ಬಿಡುವುದಿಲ್ಲ. ಅಸೋಸಿಯೇಷನ್ನಿನವರನ್ನು ಕೇಳಿದೆವು, ಗೇಟಿನ ತನಕ ಆಗಬಹುದು ಅಂದರು. ಈಗ ಮಂಗಳವಾರ, ಶುಕ್ರವಾರ ಅತ್ತೆ ಲಿಫ್ಟಿನಲ್ಲಿ ತಾವೇ ಕೆಳಗೆ ಹೋಗುತ್ತಾರೆ. ಅಲ್ಲಿನ ಕಲ್ಲುಬೆಂಚಿನ ಮೇಲೆ ಇನ್ನೂ ಮೂವರು ಹಿರಿಯರ ಪರಿಚಯ ಆಗಿದೆ. ಹಳೇ ಮನೆಯಲ್ಲಿ ಕಡೆಕಡೆಗೆ ಅತ್ತೆ ಗೇಟು ದಾಟುತ್ತಲೇ ಇರಲಿಲ್ಲ.

ಕಳೆದುಕೊಂಡದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಬೇಸಿಗೆಯಲ್ಲಿ ಬರಿಗಾಲಿಗೆ ತಣ್ಣಗೆ ಹತ್ತುತ್ತಿದ್ದ ಆ ಕೆಂಪು ನೆಲ. ಸಂಜೆ ಸಂಪಿಗೆಯ ವಾಸನೆ. ಯಾರಾದರೂ ಬಂದರೆ 'ಉಳಿದುಕೊಳ್ಳಿ' ಅಂತ ಯೋಚನೆ ಮಾಡದೆ ಹೇಳುತ್ತಿದ್ದದ್ದು. ಕರಿಬೇವಿನ ಬುಡದಲ್ಲಿ ಬೇರಿನಿಂದ ಎದ್ದಿದ್ದ ಒಂದು ಮರಿಯನ್ನು ಮಣ್ಣು ಸಮೇತ ತಂದು ಕುಂಡದಲ್ಲಿ ಇಟ್ಟಿದ್ದೇನೆ. ನಾಲ್ಕು ಹೊಸ ಎಸಳು ಬಂದಿವೆ. ದೊಡ್ಡಪತ್ರೆ, ತುಳಸಿ ಚೆನ್ನಾಗಿ ಹತ್ತಿಕೊಂಡಿವೆ.

ಮತ್ತೆ ಯುಟಿಲಿಟಿಯ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಕುವೆಂಪುನಗರದ ತಾರಸಿಯಿಂದಲೂ ಮೊದಲು ಕಾಣುತ್ತಿತ್ತಂತೆ, ಸುತ್ತ ಮನೆಗಳು ಎದ್ದು ಮರೆಯಾಯಿತು. ಆಷಾಢ ಶುಕ್ರವಾರ ಅತ್ತೆ ವಾಷಿಂಗ್ ಮೆಷಿನ್ ಪಕ್ಕ ನಿಂತು ಬೆಟ್ಟಕ್ಕೆ ಕೈ ಮುಗಿದರು. ಎಷ್ಟೋ ಹೊತ್ತು ಒಳಗೆ ಬರಲೇ ಇಲ್ಲ.

ನವರಾತ್ರಿಗೆ ಗೊಂಬೆ ಕೂರಿಸಿದೆವು. ಹಳೇ ಮನೆಯಲ್ಲಿ ಒಂಬತ್ತು ಮೆಟ್ಟಿಲು, ಇಲ್ಲಿ ಮೂರು. ಅತ್ತೆಯ ಮದುವೆಯಲ್ಲಿ ಕೊಟ್ಟಿದ್ದ ಪಟ್ಟದ ಗೊಂಬೆಗಳು ಮೇಲೆ. ಮಣ್ಣಿನ ಗೊಂಬೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾದಿನಿಯ ಮಕ್ಕಳಿಗೆ ಕೊಟ್ಟಾಗಿದೆ. ಈ ಫ್ಲ್ಯಾಟುಗಳಲ್ಲಿ ಬೇರೆ ಬೇರೆ ಊರಿನವರು ಇದ್ದಾರೆ, ಕೆಲವು ಮಕ್ಕಳಿಗೆ ಗೊಂಬೆ ಹಬ್ಬ ಗೊತ್ತೇ ಇರಲಿಲ್ಲ. ಎರಡನೇ ದಿನದಿಂದ ಸಂಜೆ ಆರಕ್ಕೆ ಹತ್ತು ಹನ್ನೆರಡು ಮಕ್ಕಳು ಬಂದು ಕೂರಲು ಶುರು ಮಾಡಿದರು. ಅತ್ತೆ ಕತೆ ಹೇಳಿದರು, ನಾನು ಚರುಪು ಹಂಚಿದೆ. ದಿವಾನ ಇದ್ದಿದ್ದರೆ ಅಷ್ಟು ಮಕ್ಕಳು ಕೂರಲು ಜಾಗವೇ ಇರುತ್ತಿರಲಿಲ್ಲ.

ಒಂದು ಕೆಲಸ ಬಾಕಿ ಇದೆ, ಈ ಬರಹ ಬರೆಯಲು ಅದೂ ಒಂದು ಕಾರಣ. ಹಳೇ ಮನೆಯ ಹಿತ್ತಲಲ್ಲಿ ಒರಳುಕಲ್ಲು ಇನ್ನೂ ಅಲ್ಲೇ ಇದೆ, ನೆಲಕ್ಕೆ ಹೂತದ್ದು. ಕೊಂಡವರು ಕಾರ್ತಿಕ ಮುಗಿದ ಮೇಲೆ ಮನೆ ಒಡೆಯುತ್ತಾರೆ, ಅಲ್ಲಿಯವರೆಗೆ ಇರಲಿ ಅಂತ ಒಪ್ಪಿದ್ದಾರೆ. ಗುಂಡುಕಲ್ಲೂ ಇದೆ, ಎಲ್ಲೂ ಒಡೆದಿಲ್ಲ. ಮೈಸೂರಿನ ಸುತ್ತಮುತ್ತ ಹಿತ್ತಲೋ ತೋಟವೋ ಇದ್ದು, ನಿಜವಾಗಿ ರುಬ್ಬುವವರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ. ದುಡ್ಡು ಬೇಡ. ಎತ್ತಲು ನಾಲ್ಕು ಜನ ಬೇಕು, ಒಂದು ಗಾಡಿ ಬೇಕು. ಯಾರ ಮನೆಗೆ ಹೋಯಿತು ಅಂತ ಅತ್ತೆಗೆ ಹೇಳಬೇಕು, ಅವರು ದಿನಾ ಕೇಳುತ್ತಿದ್ದಾರೆ.